ಆ ಶ್ರಾವಣದ ಕುಂಕುಮ

ಹೋದ ತಿಂಗಳು ಮೊಮ್ಮಗಳ ಜೊತೆ ಗಾಂಧಿ ಬಜಾರಿಗೆ ಹೋಗಿದ್ದೆ. ಅವಳು ಪೂಜೆ ಸಾಮಾನು ತಗೊಳ್ಳುತ್ತಿದ್ದಳು. ಅಂಗಡಿಯವನು ಕುಂಕುಮದ ಪ್ಯಾಕೆಟ್ಟು ಕೊಟ್ಟ. ನಾನು ಅದರ ಮೂಲೆ ಹರಿದು ಮೂಸಿದೆ. ಸೆಂಟಿನ ವಾಸನೆ, ಅದರ ಕೆಳಗೆ ಸೀಮೆಸುಣ್ಣದ ವಾಸನೆ. ಅರಿಶಿನ ಇಲ್ಲ, ನಿಂಬೆಹುಳಿ ಇಲ್ಲ. "ಇದು ಬಣ್ಣ, ಕುಂಕುಮ ಅಲ್ಲ" ಅಂದೆ. "ಅಜ್ಜಿ, ಸುಮ್ನಿರು. ಎಲ್ಲಾರೂ ಇದನ್ನೇ ತಗೊಳ್ಳೋದು" ಅಂದಳು. ಅದೂ ಸರಿಯೇ. ನಾನು ಮಾಡೋದು ಬಿಟ್ಟು ಎಷ್ಟೋ ವರ್ಷವಾಯಿತು, ಒನಕೆ ಎತ್ತಲು ತೋಳಿನಲ್ಲಿ ಶಕ್ತಿ ಇಲ್ಲ. ಮೂಗು ಮಾತ್ರ ಹಾಗೇ ಇದೆ. ಮನೆಗೆ ಬಂದ ಮೇಲೂ ಆ ಪ್ಯಾಕೆಟ್ಟು ತಲೆಯಲ್ಲಿ ಕೂತಿತ್ತು. ಅದರ ಹಿಂದೆಯೇ ನಮ್ಮೆಜಮಾನರು ಹೋದ ವರ್ಷದ ಮಳೆಗಾಲ ಬಂತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯೋದು ನಿಧಾನ. ಆದರೂ ಬರೆಯುತ್ತೇನೆ.

ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ತೊಂಬತ್ತೈದೋ ತೊಂಬತ್ತಾರೋ ಇರಬೇಕು. ನಡುವೆ ಉದ್ದನೆಯ ಅಂಗಳ, ಎರಡು ಕಡೆ ಸಾಲು ಮನೆ, ಕೊನೆಯಲ್ಲಿ ನಲ್ಲಿ. ಒಂದು ಮನೆ ನಮ್ಮದು, ಮಗಳು ಮದುವೆಯಾಗಿ ಹೋದ ಮೇಲೆ ನಾವಿಬ್ಬರೇ. ಪಕ್ಕದ್ದು ನನ್ನ ಮೈದುನ ನಾಗರಾಜನದು. ಅವನು ಲಾರಿ ಡ್ರೈವರು. ಕಲಾಸಿಪಾಳ್ಯದಿಂದ ಲೋಡು ಹತ್ತಿಸಿಕೊಂಡು ಈರೋಡು, ಸೇಲಂ ಕಡೆ ಹೋಗಿ ಬರುತ್ತಿದ್ದ. ಅವನ ಹೆಂಡತಿ ಜಯ. ಹುಡುಗಿ ಒಳ್ಳೆಯವಳು, ಆದರೆ ಹೆದರುಪುಕ್ಕಲಿ. ಬೆಕ್ಕು ಅಡ್ಡ ಬಂದರೆ ಗಂಡನನ್ನು ವಾಪಸು ಕರೆದು ನೀರು ಕುಡಿಸಿ ಕಳಿಸೋಳು. ಮುಂದಿನ ಮನೆ, ಬೀದಿ ಕಡೆಯದು, ಮೀನಾಕ್ಷಿ ಮೇಡಂ ಅವರದು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು. ಸಂಜೆ ತಮ್ಮ ಜಗಲಿಯ ಮೇಲೆ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳೋರು. ಅವರ ಯಜಮಾನರಿಗೆ ಹಿಂದಿನ ವರ್ಷ ಎದೆ ಕೊಯ್ದು ಆಪರೇಷನ್ ಆಗಿತ್ತು, ಮನೆಯಲ್ಲೇ ಇರೋರು.

ನನ್ನ ಕೆಲಸ ಕುಂಕುಮ ಮಾಡೋದು. ನಮ್ಮತ್ತೆಯಿಂದ ಬಂದಿದ್ದು. ಅರಿಶಿನದ ಕೊಂಬನ್ನು ಚೂರು ಮಾಡಿ, ನಿಂಬೆರಸಕ್ಕೆ ಬಿಳಿಗಾರ ಜಾಸ್ತಿ, ಪಟಿಕ ಸ್ವಲ್ಪ ಹಾಕಿ ಕರಗಿಸಿ, ಆ ರಸದಲ್ಲಿ ನೆನೆಸಬೇಕು. ದಿನಾ ಕೈಯಾಡಿಸಬೇಕು. ರಸವೆಲ್ಲ ಹೀರಿಕೊಂಡು ಒಳಗಿನವರೆಗೂ ಕೆಂಪಾದ ಮೇಲೆ ನೆರಳಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ತೆಳುಬಟ್ಟೆಯಲ್ಲಿ ಜಾಲಿಸಿ, ಕೊನೆಗೆ ಹಣೆಗೆ ಅಂಟಲಿ ಅಂತ ಚೂರು ಎಳ್ಳೆಣ್ಣೆ ತಿಕ್ಕಬೇಕು. ಅಷ್ಟೇ. ಬರೆದರೆ ನಾಲ್ಕು ಸಾಲು. ಮಾಡಿದರೆ ಸೊಂಟ ಬೀಳುತ್ತದೆ. ಗಾಂಧಿ ಬಜಾರಿನಲ್ಲಿ ಪೂಜೆ ಸಾಮಾನು, ನಾರುಬೇರು ಮಾರೋ ಗ್ರಂದಿಗೆ ಅಂಗಡಿ ಇಟ್ಟಿದ್ದ ಶೆಟ್ಟರು ನಾನು ಮಾಡಿದ್ದನ್ನೆಲ್ಲ ತಗೊಳ್ಳೋರು. ಎರಡು ಮೂರು ದೇವಸ್ಥಾನಕ್ಕೂ ಅವರ ಕೈಯಿಂದಲೇ ಹೋಗುತ್ತಿತ್ತು.

ಆ ವರ್ಷ ಜ್ಯೇಷ್ಠದಲ್ಲಿ ನಮ್ಮೆಜಮಾನರಿಗೆ ಕಾಮಾಲೆ ಆಯಿತು. ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡೋರು, ಒಂದು ದಿನ ಕೆಲಸ ಬಿಟ್ಟೋರಲ್ಲ. ಕಣ್ಣು ಅರಿಶಿನವಾದ ಮೇಲೂ ನಾಟಿ ಔಷಧಿ ಅಂತ ಓಡಾಡಿದರು. ಕೊನೆಗೆ ಆಸ್ಪತ್ರೆಗೆ ಹಾಕಿದೆವು. ಗ್ಲೂಕೋಸ್ ಬಾಟ್ಲಿ ತೂಗುಹಾಕಿದ್ದರು. ಅದು ಹನಿ ಹನಿ ಇಳಿಯೋದನ್ನ ನೋಡುತ್ತಾ ಕೂತಿದ್ದೆ. ಬಾಟ್ಲಿ ಮುಗಿಯೋಕೆ ಮುಂಚೆ ಅವರು ಮುಗಿದರು.

ಹನ್ನೊಂದನೇ ದಿನ ನನ್ನ ಬಳೆ ಒಡೆದು, ಹಣೆ ಒರೆಸಿದರು. ಮೂಲೆಮನೆ ಸಾವಿತ್ರಮ್ಮ ಮುಂದೆ ನಿಂತು ಮಾಡಿಸಿದಳು. ಅವಳೇ ಆ ವಠಾರದ ಶಾಸ್ತ್ರ. ಹಣೆ ಸುಲಭಕ್ಕೆ ಬಿಳಿಯಾಯಿತು. ಅಂಗೈ ಆಗಲಿಲ್ಲ. ವರ್ಷಗಟ್ಟಲೆ ಅರಿಶಿನ ಕಲಸಿದ ಕೈ, ಗೆರೆಗೆರೆಯಲ್ಲೂ ಬಣ್ಣ ಕೂತಿತ್ತು.

"ಗಂಡ ಸತ್ತೋಳ ಕೈ ಹಿಂಗಿರಬಾರದು, ತೊಳೀರೇ" ಅಂದಳು ಸಾವಿತ್ರಮ್ಮ.

ಬಟ್ಟೆ ಸೋಪು ಹಾಕಿ ತಿಕ್ಕಿದರು. ತಿಕ್ಕಿದಷ್ಟೂ ಕೈ ಕೆಂಪಾಯಿತು. ರಕ್ತದ ಹಾಗೆ ಕೆಂಪು. ತಿಕ್ಕುತ್ತಿದ್ದವರು ಕೈಬಿಟ್ಟು ದೂರ ಸರಿದರು.

"ಅಯ್ಯೋ ಇದೇನೇ ಇದು! ಸತ್ತೋನು ಬಿಡ್ತಾ ಇಲ್ಲ" ಅಂತ ಸಾವಿತ್ರಮ್ಮ ಬಾಯಿ ಮುಚ್ಚಿಕೊಂಡಳು.

ಬಾಗಿಲ ಹೊರಗೆ ನಿಂತಿದ್ದ ಮೇಡಂ ಅಲ್ಲಿಂದಲೇ ಹೇಳಿದರು: "ಸತ್ತೋರೂ ಅಲ್ಲ, ಬಿಡೋದೂ ಅಲ್ಲ ಸಾವಿತ್ರಮ್ಮ. ಸೋಪು ಕ್ಷಾರ. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತೆ. ನಿಂಬೆಹಣ್ಣು ಹಿಂಡಿ, ಹಳದಿ ಆಗುತ್ತೆ."

ಹಿಂಡಿದರು. ಹಳದಿಯಾಯಿತು. ಬಿಳಿ ಆಗಲಿಲ್ಲ. "ಬಿಡಿ, ಚರ್ಮ ಸುಲಿದಾಗ ಹೋಗುತ್ತೆ" ಅಂದೆ ನಾನು. ನನಗೆ ಹಸಿವಾಗಿತ್ತು. ಹಾಗೆ ಹೇಳಿದ್ದಕ್ಕೆ ಸಾವಿತ್ರಮ್ಮ ಬಹಳ ದಿನ ಆಡಿಕೊಂಡಳು.

ಆಷಾಢದಲ್ಲಿ ಶೆಟ್ಟರು ಮಾತಾಡಿಸಲು ಬಂದರು. ಹಣ್ಣು ತಂದಿದ್ದರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ನೆಲ ನೋಡುತ್ತಾ ಅಂದರು: "ಗೌರಮ್ಮ, ಕುಂಕುಮದ ವಿಷಯ. ನನಗೇನೋ ಅಡ್ಡಿ ಇಲ್ಲ. ಆದರೆ ಮುತ್ತೈದೆಯರು ಹಣೆಗೆ ಇಡೋ ವಸ್ತು. ನಿಮ್ಮ ಕೈಯಿಂದ ಇನ್ನು ಹೆಂಗೆ ತಗೊಳ್ಳಲಿ?"

"ಕೈ ಅದೇ ಇದೆಯಲ್ಲ ಶೆಟ್ಟರೇ."

"ಕೈ ಅದೇ. ಕೇಳೋ ಜನ ಇದಾರಲ್ಲಮ್ಮ."

ಕೆಟ್ಟ ಮನುಷ್ಯ ಅಲ್ಲ. ದಾರಿ ಅವರೇ ಹೇಳಿದರು. ಜಯ ಮಾಡಲಿ, ನೀವು ದೂರ ಕೂತು ಹೇಳಿಕೊಡಿ, ಮುಟ್ಟಬೇಡಿ. ಶ್ರಾವಣ, ಭಾದ್ರಪದ ಎರಡು ತಿಂಗಳಲ್ಲೇ ವರ್ಷದ ವ್ಯಾಪಾರ, ತಪ್ಪಿಸಬೇಡಿ. ನಾನು ಒಪ್ಪಿಕೊಂಡೆ. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಸುಮ್ಮನೆ ಗೋಡೆ ನೋಡುತ್ತಾ ಕೂರೋದು ನನ್ನಿಂದ ಆಗುತ್ತಿರಲಿಲ್ಲ.

ಸಾಮಾನು ತರಲು ಜಯಾನೇ ಕಲಾಸಿಪಾಳ್ಯಕ್ಕೆ ಹೋದಳು. ಆ ಸಲ ಪಟಿಕ ಗಟ್ಟಿಯಲ್ಲಿ ಸಿಗಲಿಲ್ಲ, ಪುಡಿ ಕೊಟ್ಟಿದ್ದರು. ಬಿಳಿಗಾರವೂ ಪುಡಿ. ಎರಡೂ ಬಿಳಿ, ಎರಡೂ ಒಂದೇ ಥರ ಕಾಗದದ ಪೊಟ್ಟಣ. ನಾನಾಗಿದ್ದರೆ ಚೂರು ನಾಲಿಗೆಗೆ ಇಟ್ಟು ನೋಡುತ್ತಿದ್ದೆ. ಪಟಿಕ ಒಗರು, ನಾಲಿಗೆ ಹಿಡಿದುಕೊಳ್ಳುತ್ತದೆ. ಬಿಳಿಗಾರ ಮೊದಲು ಸಿಹಿ ಅನ್ನಿಸಿ ಆಮೇಲೆ ಸೋಪಿನ ರುಚಿ. ಆದರೆ ನಾನು ಮುಟ್ಟೋ ಹಾಗಿಲ್ಲವಲ್ಲ. ಜಯಾಳ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೂತಿದ್ದೆ. "ಬಿಳಿಗಾರ ಜಾಸ್ತಿ ಹಾಕು, ಪಟಿಕ ಕಮ್ಮಿ" ಅಂದೆ. "ಎಷ್ಟು ಜಾಸ್ತಿ ಅಕ್ಕ?" "ಕೈಗೆ ಗೊತ್ತಾಗುತ್ತೆ." "ನನ್ನ ಕೈಗೆ ಗೊತ್ತಾಗಲ್ಲ ಅಕ್ಕ, ಬಾಯಲ್ಲಿ ಹೇಳು." ನನಗೆ ಬಾಯಲ್ಲಿ ಹೇಳಲು ಬರಲಿಲ್ಲ. ಅತ್ತೆಯೂ ನನಗೆ ಬಾಯಲ್ಲಿ ಹೇಳಿರಲಿಲ್ಲ, ಕೈ ಹಿಡಿದು ಪಾತ್ರೆಯೊಳಗೆ ಹಾಕಿಸಿದ್ದಳು.

ಆ ಶ್ರಾವಣ ಬಿಸಿಲು ಕಾಣಲಿಲ್ಲ. ಬೆಂಗಳೂರಿನ ಮಳೆ ಹೊಡೆಯೋ ಮಳೆಯಲ್ಲ, ಹಿಡಿದುಕೊಳ್ಳೋ ಮಳೆ. ಬೆಳಿಗ್ಗೆಯಿಂದ ಜಿನುಗುತ್ತಿತ್ತು. ಅಂಗಳದಲ್ಲಿ ಪಾಚಿ, ಗೋಡೆಯಲ್ಲಿ ತೇವ, ಒಗೆದ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಹೊಸ್ತಿಲಲ್ಲಿ ಕೂತವಳಿಗೆ ಸಂಜೆ ಮೇಡಂ ಪಾಠ ಕೇಳಿಸುತ್ತಿತ್ತು. ಬೇಕು ಅಂತ ಕೇಳಿದ್ದಲ್ಲ. ಕಿವಿ ಖಾಲಿ ಇತ್ತು, ತುಂಬಿಕೊಂಡಿತು.

ವಸ್ತುವಿನ ಸೂತ್ರ ಬರೆಯೋಕೆ ಮೂರು ಥರ ಅಂತ ಮೇಡಂ ಹೇಳೋರು. ಎಂಪಿರಿಕಲ್, ಮಾಲಿಕ್ಯುಲರ್, ಸ್ಟ್ರಕ್ಚರಲ್. ಎಷ್ಟು ಸಲ ಹೇಳಿದರು ಅಂದರೆ ನನಗೂ ಬಾಯಿಗೆ ಬಂತು. ಮಕ್ಕಳಿಗೆ ಅರ್ಥವಾಗದಿದ್ದಾಗ ಒಂದು ದಿನ ವಠಾರವನ್ನೇ ತೋರಿಸಿದರು.

"ನೋಡ್ರೋ, ಈ ವಠಾರ ಒಂದು ಪದಾರ್ಥ ಅಂದ್ಕೊಳ್ಳಿ. ಒಬ್ಬ ಗಂಡಸಿಗೆ ಒಬ್ಬಳು ಹೆಂಗಸು, ಇಬ್ಬರು ಮಕ್ಕಳು ಅಂತ ಬರೆದರೆ ಅದು ಎಂಪಿರಿಕಲ್. ಬರೀ ಪಾಲು. ಒಟ್ಟು ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು ಅಂತ ಪೂರ್ತಿ ಬರೆದರೆ ಮಾಲಿಕ್ಯುಲರ್. ಯಾರು ಯಾರ ಕೈ ಹಿಡಿದಿದಾರೆ, ಯಾರ ಪಕ್ಕ ಯಾರಿದಾರೆ ಅಂತ ಗೆರೆ ಎಳೆದು ತೋರಿಸಿದರೆ ಸ್ಟ್ರಕ್ಚರಲ್."

"ಮೇಡಂ, ಸಾವಿತ್ರಮ್ಮ ಆಂಟಿಗೆ ಎಲ್ಲಾ ಮನೆಗೂ ಬಾಂಡ್ ಇದೆ" ಅಂದ ಒಬ್ಬ. ಮಕ್ಕಳು ನಕ್ಕವು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಆ ವರ್ಷ ಆ ವಠಾರದ ಪಾಲು ತಪ್ಪಿತ್ತು, ಲೆಕ್ಕ ತಪ್ಪಿತ್ತು, ನನ್ನಿಂದ ಹೊರಡೋ ಗೆರೆ ಒಂದು ಅಳಿಸಿಹೋಗಿತ್ತು.

ಇನ್ನೊಂದು ದಿನ ಮೇಡಂ, ಪಾಲು ಗೊತ್ತಾದರೆ ವಸ್ತು ಗೊತ್ತಾದಂತಲ್ಲ ಅಂದರು. "ಗ್ಲೂಕೋಸು, ವಿನಿಗರ್‌ನಲ್ಲಿರೋ ಹುಳಿ, ಹೆಣ ಕೆಡದಂತೆ ಇಡೋ ಫಾರ್ಮಾಲಿನ್‌ನಲ್ಲಿರೋ ವಿಷ. ಮೂರಕ್ಕೂ ಎಂಪಿರಿಕಲ್ ಸೂತ್ರ ಒಂದೇ. ಸಿ, ಎಚ್ ಟು, ಓ. ಅದನ್ನ ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ." ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಬಾಟ್ಲಿ ಕಣ್ಣ ಮುಂದೆ ಬಂದಿತ್ತು.

ಜಯ ನೆನೆಸಿಟ್ಟ ಅರಿಶಿನ ಕೆಂಪಾಗಲೇ ಇಲ್ಲ. ವಾರ ಕಳೆದರೂ ಅಲ್ಲಲ್ಲಿ ಕಿತ್ತಳೆ, ಮಿಕ್ಕಿದ್ದು ಮಂಕು ಹಳದಿ. ವರಮಹಾಲಕ್ಷ್ಮಿ ಹಬ್ಬ ಬಂತು, ಹೋಯಿತು. ಶೆಟ್ಟರು ಬೇರೆ ಕಡೆಯಿಂದ ಮೆಷಿನ್ ಕುಂಕುಮ ತರಿಸಿದರು. ಸಾವಿತ್ರಮ್ಮ ಅಂಗಳದ ನಡುವೆ ನಿಂತು ತೀರ್ಪು ಕೊಟ್ಟಳು.

"ಮುಟ್ಟದಿದ್ದರೇನು, ಕಣ್ಣು ಬೀಳುತ್ತಲ್ಲ! ಎದುರಿಗೇ ಕೂತಿದ್ದರೆ ಕುಂಕುಮ ಹೆಂಗೆ ಕಟ್ಟುತ್ತೆ? ಜಯ, ನಿನ್ನ ಗಂಡ ರೋಡಲ್ಲಿರೋನು. ಹುಷಾರು ಕಣೇ."

ಜಯ ಅಳುತ್ತಾ ಒಳಗೆ ಹೋದಳು. ನಾನು ಅಂದು ಮೊದಲ ಸಲ ಹೊಸ್ತಿಲು ದಾಟಿ ಅವಳ ಅಡುಗೆಮನೆಗೆ ಹೋದೆ. ಉಳಿದಿದ್ದ ಎರಡು ಪೊಟ್ಟಣ ಬಿಚ್ಚಿ ನಾಲಿಗೆಗೆ ಇಟ್ಟೆ. ಬಿಳಿಗಾರ ಅಂತ ಜಾಸ್ತಿ ಹಾಕಿದ್ದು ಪಟಿಕ. ಪಟಿಕ ಅಂತ ಚೂರು ಹಾಕಿದ್ದು ಬಿಳಿಗಾರ.

"ಪೊಟ್ಟಣ ಅದಲುಬದಲಾಗಿದೆ ಕಣೇ" ಅಂದೆ.

ಜಯ ಕಣ್ಣು ಒರೆಸಿಕೊಂಡಳು. "ನೀನು ಹೇಳಿದರೆ ಯಾರು ನಂಬ್ತಾರೆ ಅಕ್ಕ? ತಪ್ಪಿಸಿಕೊಳ್ಳೋಕೆ ಹೇಳ್ತಾಳೆ ಅಂತಾರೆ."

ಅವಳು ಹೇಳಿದ್ದು ನಿಜ. ಎರಡೂ ಪೊಟ್ಟಣ ತಗೊಂಡು ಮೇಡಂ ಹತ್ತಿರ ಹೋದೆ.

"ನಾಲಿಗೆಗೆ ಹಾಕಿದ್ರಾ? ಕಂಡಕಂಡ ಬಿಳಿ ಪುಡಿ ನಾಲಿಗೆಗೆ ಹಾಕಬಾರದು ಗೌರಮ್ಮ, ಒಂದಲ್ಲ ಒಂದು ದಿನ ಹೋಗ್ಬಿಡ್ತೀರ" ಅಂತ ಮೊದಲು ಬೈದರು. ಆಮೇಲೆ, "ಯಾರಿಗೆ ತೋರಿಸಬೇಕು, ಎಲ್ಲಾರನ್ನೂ ಕರೀರಿ" ಅಂದರು.

ಭಾನುವಾರ ಬೆಳಿಗ್ಗೆ, ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯ ಮೇಲೆ ಮೇಡಂ ಎರಡು ಬಟ್ಟಲಿಟ್ಟು ಒಂದೊಂದು ಪುಡಿಯನ್ನೂ ನೀರಲ್ಲಿ ಕರಗಿಸಿದರು. ಕಾಲೇಜಿನಿಂದ ತಂದಿದ್ದ ಆಸಿಡ್ಡು ಒಂದೊಂದು ಹನಿ ಬಿಟ್ಟರು. ಬಿಳಿ ಕಾಗದವನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಪಟ್ಟಿಗಳು ಅವರ ಹತ್ತಿರ ಇದ್ದವು. ಒಂದೊಂದು ಬಟ್ಟಲಿಗೆ ಒಂದು ಪಟ್ಟಿ ಅದ್ದಿ, ಸ್ಟವ್ವಿನ ಶಾಖಕ್ಕೆ ದೂರದಿಂದ ಹಿಡಿದರು. ಒಂದು ಹಳದಿಯಾಗೇ ಉಳಿಯಿತು. ಇನ್ನೊಂದು ಒಣಗುತ್ತಾ ಒಣಗುತ್ತಾ ಕೆಂಪಾಯಿತು. ನಾನು ದೊಡ್ಡ ಪಾತ್ರೆಯಲ್ಲಿ ಮಾಡೋದನ್ನೇ ಅವರು ಬೆರಳುದ್ದ ಕಾಗದದ ಮೇಲೆ ಮಾಡಿದ್ದರು.

"ಕೆಂಪಾಗಿದ್ದು ಬಿಳಿಗಾರ, ಬೊರಾಕ್ಸ್" ಅಂದರು ಮೇಡಂ. "ಸೋಪಿನ ಕೆಂಪಾದರೆ ಹುಳಿ ತಾಗಿದಾಗ ಹಳದಿಗೆ ತಿರುಗುತ್ತೆ. ಇದು ಹುಳಿಯಲ್ಲೇ ಆದ ಕೆಂಪು, ತಿರುಗಲ್ಲ." ಅದರ ಮೇಲೆ ಒಗೆಯೋ ಸೋಡಾ ಕರಗಿಸಿದ ನೀರಿನ ಒಂದು ಹನಿ ಬಿಟ್ಟರು. ಹನಿ ಬಿದ್ದ ಕಡೆ ಕಪ್ಪುಹಸಿರಾಯಿತು. "ಇದು ಅದರ ಗುರುತು. ಇನ್ನೊಂದು ಪಟಿಕ. ಜಯ ಹಾಕಿದ್ದು ಇದನ್ನ. ಅದಕ್ಕೇ ಬಣ್ಣ ಕಟ್ಟಲಿಲ್ಲ."

ಸಾವಿತ್ರಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹಂಗಾದ್ರೆ ಕಣ್ಣು ಬಿದ್ದು ಕೆಟ್ಟಿದ್ದಲ್ಲವಾ?"

"ಕಣ್ಣಿಗೆ ಯಾವ ಸೂತ್ರವೂ ಇಲ್ಲ ಸಾವಿತ್ರಮ್ಮ."

"ಅದು ಸರಿ. ಆದ್ರೆ ಮಾಡೋ ಕೈ ಯಾರದು ಅನ್ನೋದು ಇರುತ್ತಲ್ಲ?"

ಮೇಡಂ ಸ್ಲೇಟಿನ ಮೇಲೆ ಬಿಳಿಗಾರದ ಸೂತ್ರ ಬರೆದು ತೋರಿಸಿದರು. ಉದ್ದಕ್ಕೆ ಇತ್ತು, ಕೊನೆಯಲ್ಲಿ ಹತ್ತು ನೀರು ಅಂತ. "ಇದರಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಲ್ಲಾ ಇದೆ. ನೀರೂ ಲೆಕ್ಕಕ್ಕಿದೆ. ಯಾರು ಮುಟ್ಟಿದರು ಅಂತ ಬರೆಯೋಕೆ ಜಾಗವೇ ಇಲ್ಲ. ಗೌರಮ್ಮ ಮಾಡಿದರೂ ಅದೇ, ಮಹಾರಾಣಿ ಮಾಡಿದರೂ ಅದೇ."

ಆವತ್ತೇ ಮಧ್ಯಾಹ್ನ ನಾನು ಪಾತ್ರೆ ಇಳಿಸಿದೆ. ಬಾಗಿಲು ತೆಗೆದಿಟ್ಟುಕೊಂಡೇ ಕೈ ಹಾಕಿದೆ. ಅಂಗಳದಲ್ಲಿ ಓಡಾಡೋರೆಲ್ಲ ನೋಡಲಿ ಅಂತಲೇ. ನಿಂಬೆಹುಳಿ ಬೆರಳಿನ ಸೀಳಿಗೆ ಹೋಗಿ ಉರಿಯಿತು. ಬಿಳಿಗಾರ ಎಷ್ಟು ಅನ್ನೋದು ಕೈಗೆ ಗೊತ್ತಿತ್ತು. ಎರಡನೇ ದಿನಕ್ಕೇ ಅಂಚು ಕೆಂಪೇರಿತು. ಮಳೆ ಬಿಡಲಿಲ್ಲ ಅಂತ ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟು, ಮಂಚದ ಮೇಲೆ ಹರಡಿ ಒಣಗಿಸಿದೆ. ನಾನು ನೆಲದಲ್ಲಿ ಮಲಗಿದೆ. ಕುಟ್ಟಿ ಜಾಲಿಸಿದಾಗ ಅತ್ತೆ ಕಾಲದ ಬಣ್ಣ ಬಂದಿತ್ತು. ದಾಸವಾಳ ಬಾಡಿದಾಗ ಬರುತ್ತಲ್ಲ, ಆ ಕೆಂಪು.

ಮೊದಲ ಭರಣಿ ಮೇಡಂಗೆ ತಗೊಂಡು ಹೋದೆ. ಬೇರೆ ಯಾರಿಗೆ ಕೊಡಲಿ? ಅವರು ಖುಷಿಯಿಂದ ಮುಚ್ಚಳ ತೆಗೆದರು, ಮೂಸಿದರು, ಉಂಗುರದ ಬೆರಳು ಅದ್ದಿದರು. ಬೆರಳು ಹಣೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಒಳಗೆ ಅವರ ಯಜಮಾನರು ಕೆಮ್ಮುತ್ತಿದ್ದರು. ಮೇಡಂ ಬೆರಳನ್ನು ಕೆಳಗಿಳಿಸಿ ಸೆರಗಿಗೆ ಒರೆಸಿಕೊಂಡರು.

"ಗೌರಮ್ಮ, ನನಗೆ ಎಲ್ಲಾ ಗೊತ್ತು. ಗೊತ್ತಿಲ್ಲದೇ ಇರೋದು ಏನೂ ಇಲ್ಲ ಇದರಲ್ಲಿ. ಆದರೂ ಕೈ ಏಳ್ತಾ ಇಲ್ಲ."

"ಬಿಡಿ ಮೇಡಂ."

"ನಿಮಗೆ ಕೋಪ ಬಂತಾ?"

"ಇಲ್ಲ" ಅಂದೆ. ನಿಜವಾಗಿಯೂ ಬರಲಿಲ್ಲ. ಆ ಮನುಷ್ಯನ ಕೆಮ್ಮು ನನಗೂ ಕೇಳಿಸಿತ್ತು. ಗಂಡ ಉಸಿರಾಡುತ್ತಾನೋ ಇಲ್ಲವೋ ಅಂತ ಕಿವಿಗೊಟ್ಟು ಕೂರೋದು ಹೇಗಿರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೂ ಅವರು ಯಾವತ್ತೂ ನನ್ನ ಕುಂಕುಮ ಇಡಲಿಲ್ಲ. ನಾವು ಮಾತಾಡೋದನ್ನೂ ಬಿಡಲಿಲ್ಲ. ಆದರೆ ಆವತ್ತು ಮನೆಗೆ ಬಂದು ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿಟ್ಟೆ. ಅಷ್ಟು ಓದಿದವರ ಹಣೆಗೇ ಏರಲಿಲ್ಲ ಅಂದ ಮೇಲೆ ಇನ್ನು ಯಾರ ಹಣೆಗೆ ಏರುತ್ತೆ?

ಗೌರಿ ಹಬ್ಬಕ್ಕೆ ಇನ್ನು ಐದು ದಿನವಿತ್ತು. ಆವತ್ತು ಬೆಳಿಗ್ಗೆ ನಾಗರಾಜ ಈರೋಡಿಗೆ ಹೊರಡೋನಿದ್ದ. ಜಯ ತನ್ನ ಖಾಲಿ ಭರಣಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಮುಖ ಸುಣ್ಣವಾಗಿತ್ತು.

"ಅಕ್ಕ, ಕುಂಕುಮ ಹಾಕು."

"ಯಾಕೆ?"

"ಇಟ್ಟುಕೊಳ್ಳೋಕೆ. ಇನ್ನ್ಯಾಕೆ? ಪೊಟ್ಟಣ ಅದಲುಬದಲು ಮಾಡಿದೋಳು ನಾನು. ಮಾತು ಕೇಳಿಸಿಕೊಂಡೋಳು ನೀನು."

"ಹೆದರಿಕೆ ಆಗಲ್ವೇನೇ?"

"ಆಗುತ್ತೆ" ಅಂದಳು. ಭರಣಿಯನ್ನು ಮುಂದಕ್ಕೆ ಚಾಚಿದಳು.

ಅವಳ ಹಿಂದೆ ನಾಗರಾಜ ಬೀಡಿ ಹಚ್ಚಿಕೊಂಡು ನಿಂತಿದ್ದ. "ಹಾಕಿ ಅತ್ತಿಗೆ ಬೇಗ. ಲೋಡು ಕಾಯ್ತಾ ಇದೆ. ಇವಳದ್ದು ಮುಗಿಯೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ."

"ನಾಗರಾಜ, ನೀನೂ ಕೇಳಿದೀಯ ಊರವರು ಏನಂತಾರೆ ಅಂತ."

"ಅತ್ತಿಗೆ, ನಾನು ಸತ್ತರೆ ಬ್ರೇಕಿಂದ ಸಾಯ್ತೀನಿ, ಕುಂಕುಮದಿಂದ ಸಾಯಲ್ಲ. ಆ ಲಾರಿ ಓನರ್‌ಗೆ ಬ್ರೇಕ್ ಮಾಡಿಸಿಕೊಡೋಕೆ ಹೇಳಿ, ಪುಣ್ಯ ಬರುತ್ತೆ."

ಜಯ ಅವನ ಬಾಯಿಗೆ ಹೊಡೆದಳು. ಆಮೇಲೆ ನನ್ನ ಎದುರಿಗೇ ಕನ್ನಡಿ ಇಲ್ಲದೆ, ಕಣ್ಣು ಮುಚ್ಚಿಕೊಂಡು ಹಣೆಗೆ ಇಟ್ಟುಕೊಂಡಳು. ಬೊಟ್ಟು ಸೊಟ್ಟಗಾಗಿತ್ತು. ಅವನು ಹೋದ.

ಮಧ್ಯಾಹ್ನ ನಾವಿಬ್ಬರೂ ಕುಂಕುಮದ ಡಬ್ಬ ಹೊತ್ತುಕೊಂಡು ಶೆಟ್ಟರ ಅಂಗಡಿಗೆ ಹೋದೆವು. ಜಯಾನೇ ಮಾತಾಡಿದಳು. ಅಷ್ಟು ವರ್ಷದಲ್ಲಿ ಅವಳು ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು.

"ಅಕ್ಕ ಮಾಡಿದ್ದು ಶೆಟ್ಟರೇ. ಸುಳ್ಳು ಹೇಳಲ್ಲ. ನಾನು ಇಟ್ಟಿದೀನಿ ನೋಡಿ."

ಶೆಟ್ಟರು ಅವಳ ಹಣೆ ನೋಡಿದರು. "ನಿಮ್ಮೆಜಮಾನರು ಎಲ್ಲಮ್ಮ?"

"ಟ್ರಿಪ್ಪಿಗೆ ಹೋಗಿದಾರೆ. ನಾಡಿದ್ದು ಬರ್ತಾರೆ."

ಶೆಟ್ಟರು ಡಬ್ಬವನ್ನು ತೆಗೆದುಕೊಂಡು ಗಲ್ಲಾದ ಹಿಂದಿನ ಹಲಗೆ ಮೇಲೆ ಇಟ್ಟರು. ಮುಚ್ಚಳ ತೆಗೆಯಲಿಲ್ಲ. "ಅವರು ಬರಲಿ. ಆಮೇಲೆ ನೋಡೋಣ" ಅಂದರು.

ಬಸ್ಸು ಹತ್ತಲಿಲ್ಲ ನಾವು, ನಡೆದೇ ಬಂದೆವು. ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದೆ. ಮೇಡಂ ಕಾಗದದ ಪಟ್ಟಿಯಲ್ಲಿ ಪರೀಕ್ಷೆ ಮಾಡಿದರು. ಶೆಟ್ಟರು ನಾಗರಾಜನನ್ನು ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದಾರೆ.

ನಾಡಿದ್ದು ಅವನು ಬರಲಿಲ್ಲ. ಮರುದಿನವೂ ಇಲ್ಲ. ತಡವಾದರೆ ಮೇಡಂ ಮನೆ ಫೋನಿಗೆ ಸುದ್ದಿ ಹೇಳೋದು ಅವನ ವಾಡಿಕೆ. ಫೋನೂ ಇಲ್ಲ. ಈರೋಡಿನ ದಾರಿಯ ಘಟ್ಟದಲ್ಲಿ ಮಳೆ ಜೋರು, ಮಣ್ಣು ಕುಸಿದಿದೆ ಅಂತ ಕಲಾಸಿಪಾಳ್ಯದಿಂದ ಬಂದವರು ಹೇಳಿದರು. ಜಯ ಮೇಡಂ ಮನೆಯ ಹೊಸ್ತಿಲಲ್ಲೇ ಕೂತುಬಿಟ್ಟಳು. ಬೊಟ್ಟು ಅಳಿಸಲಿಲ್ಲ. ಅಳಿಸಿದರೆ ಅದೇ ಅಪಶಕುನ, ಇಟ್ಟುಕೊಂಡರೆ ಈ ಭಯ. ಸಾವಿತ್ರಮ್ಮ ಒಂದು ಸಲ ಬಂದು ನೋಡಿದಳು, ಏನೂ ಹೇಳದೆ ಹೋದಳು. ಅವಳು ಬೈದಿದ್ದರೆ ವಾಸಿ ಇತ್ತು. ಮೇಡಂ ಜಯಾಗೆ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಕಣಮ್ಮ ಅಂತ ಹೇಳಲು ಬಾಯಿ ತೆರೆದರು. ಜಯಾಳ ಹಣೆ ನೋಡಿ ಸುಮ್ಮನಾದರು. ಆ ಮಾತು ಹೇಳೋ ಹಕ್ಕು ಅವರಿಗಿರಲಿಲ್ಲ, ಅವರಿಗೂ ಅದು ಗೊತ್ತಿತ್ತು.

ನಾನು ನಂಬದವಳು. ಕಣ್ಣು, ನೆರಳು, ಶಕುನ ಯಾವುದನ್ನೂ ನಂಬಿದವಳಲ್ಲ. ಆದರೂ ಆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಪಾತ್ರೆ ತೊಳೆಯುವಾಗ ಕೈ ನೋಡಿಕೊಂಡೆ. ಸೋಪು ತಾಗಿ ಮತ್ತೆ ಕೆಂಪಾಗಿತ್ತು. ಕ್ಷಾರ, ಅರಿಶಿನ, ಗೊತ್ತು. ಗೊತ್ತಿದ್ದೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಅವನಿಗೇನಾದರೂ ಆದರೆ ಈ ಜನ್ಮದಲ್ಲಿ ಅರಿಶಿನ ಮುಟ್ಟಲ್ಲ ಅಂತ ತೀರ್ಮಾನ ಮಾಡಿದ್ದೆ. ಊರವರು ಬೇಡ ಅಂತಾರೆ ಅಂತ ಅಲ್ಲ. ನನಗೇ ನಂಬಿಕೆ ಬಂದುಬಿಡುತ್ತಿತ್ತು.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವನು ಬಂದ. ಮಂಡಿವರೆಗೂ ಕೆಸರು, ಕಣ್ಣು ಕೆಂಡ, ಗಡ್ಡ. ಘಟ್ಟದಲ್ಲಿ ಮಣ್ಣು ತೆಗೆಯೋವರೆಗೂ ಲಾರಿಗಳೆಲ್ಲ ಸಾಲಾಗಿ ನಿಂತಿದ್ದವಂತೆ, ಹತ್ತಿರದಲ್ಲಿ ಫೋನೇ ಇರಲಿಲ್ಲವಂತೆ. ಜಯ ಎದ್ದು ನಿಂತಳು. ಅಳಲಿಲ್ಲ. ಒಳಗೆ ಹೋಗಿ ಸ್ಟವ್ವು ಹಚ್ಚಿದಳು. ಅದು ಹೊತ್ತಿಕೊಳ್ಳಲು ಬಹಳ ಕಡ್ಡಿ ಬೇಕಾಯಿತು.

"ಏನ್ ಅತ್ತಿಗೆ, ಹೋದೆ ಅಂದ್ಕೊಂಡ್ರಾ?"

"ಅಂದ್ಕೊಂಡೆ."

"ಒಳ್ಳೆ ಅತ್ತಿಗೆ! ಡಬ್ಬ ಎಲ್ಲಿ? ಮಾರಿದ್ರಾ?"

ಶೆಟ್ಟರು ಹೇಳಿದ್ದನ್ನ ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ತಟ್ಟೆಗೆ ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದ. "ನಡೀರಿ" ಅಂದ. ಕಾಲು ತೊಳೆದುಕೋ ಅಂದೆ. ತೊಳೆಯಲಿಲ್ಲ.

ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೂವು, ಬಾಳೆಕಂದು, ಮೊರದ ರಾಶಿ, ಗೌರಿ ಗಣಪತಿ ಮೂರ್ತಿ, ಎಲ್ಲದರ ಮೇಲೂ ಜಿನುಗು ಮಳೆ. ಶೆಟ್ಟರ ಅಂಗಡಿ ಮುಂದೆ ಹೆಂಗಸರ ಗುಂಪು. ನಾಗರಾಜ ಅವರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ ನಿಂತ. ಕೆಸರು ನೋಡಿ ಹೆಂಗಸರು ಸೀರೆ ಎಳೆದುಕೊಂಡರು.

"ಶೆಟ್ಟರೇ, ಬಂದಿದೀನಿ. ನೋಡ್ಕೊಳ್ಳಿ."

ಶೆಟ್ಟರು ಅವನನ್ನು ಕಾಲಿಂದ ತಲೆವರೆಗೂ ನೋಡಿದರು. ಹಿಂದೆ ನಿಂತಿದ್ದ ನನ್ನನ್ನೂ ನೋಡಿದರು. ಹಿಂದಕ್ಕೆ ತಿರುಗಿ ಹಲಗೆ ಮೇಲಿಂದ ಡಬ್ಬ ಇಳಿಸಿ, ಮುಚ್ಚಳ ತೆಗೆದರು. ಅರಿಶಿನದ ವಾಸನೆ, ನಿಂಬೆಯ ವಾಸನೆ ಗುಂಪಿನವರೆಗೂ ಬಂತು.

"ಇದ್ಯಾವುದು ಶೆಟ್ಟರೇ, ಘಮ ಅಂತಿದೆ?" ಅಂದಳು ಮುಂದಿದ್ದ ಹೆಂಗಸು. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ ಅನ್ನಿಸುತ್ತೆ, ಕೈತುಂಬಾ ಹಸಿರು ಬಳೆ.

"ಈ ಗೌರಮ್ಮ ಮಾಡಿದ್ದು" ಅಂದರು ಶೆಟ್ಟರು.

ಅವಳು ನನ್ನ ಕಡೆ ತಿರುಗಿದಳು. ನನ್ನ ಬೋಳು ಹಣೆ, ಬೋಳು ಕೈ ಎಲ್ಲಾ ಅವಳ ಮುಂದೆಯೇ ಇತ್ತು. ಒಂದು ಗಳಿಗೆ ನೋಡಿದಳು. ಏನು ಅಂದುಕೊಂಡಳೋ ಗೊತ್ತಿಲ್ಲ. ಹಿಂದಿನವರು ಬೇಗ ಬೇಗ ಅಂತ ತಳ್ಳುತ್ತಿದ್ದರು. "ಕೊಡಿ" ಅಂದಳು. ಪೊಟ್ಟಣ ಕಟ್ಟಿಸಿಕೊಂಡು ಮಳೆಯಲ್ಲಿ ಹೊರಟುಹೋದಳು.

ಅವಳು ಹೂವಿನವರ ಆಚೆ ಮರೆಯಾಗೋವರೆಗೂ ನೋಡುತ್ತಾ ನಿಂತಿದ್ದೆ. ಅವಳ ಗಂಡ ನೂರು ವರ್ಷ ಇರಲಿ ಅಂತ ಮನಸ್ಸಿನಲ್ಲೇ ಅಂದೆ. ನಾನು ಯಾವುದನ್ನೂ ನಂಬದವಳು, ಆದರೂ ಅಂದೆ.